ಮಧ್ಯಾಹ್ನದ ದನಿ

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರೆಲ್ಲ ಮೊದಲು ಒಂದು ಸಲ ಕೆಮ್ಮುತ್ತಾರೆ. ನೆಗಡಿಯೇನೂ ಇರುವುದಿಲ್ಲ, ಅಂದು ತಮ್ಮ ಪಾಲಿಗೆ ಯಾವ ದನಿ ಬಂದಿದೆ ಎಂದು ನೋಡಿಕೊಳ್ಳುತ್ತಾರೆ, ಅಷ್ಟೇ. ನಿನ್ನೆ ನನ್ನ ಗಂಟಲಲ್ಲಿದ್ದ ದನಿ ಇವತ್ತು ಕ್ಷೌರದ ಮಲ್ಲಯ್ಯನಿಗೆ ಹೋಗಿರುತ್ತದೆ, ಮಲ್ಲಯ್ಯನದು ಅಂಚೆಯವನಿಗೆ, ಅಂಚೆಯವನದು ಇನ್ಯಾವುದೋ ಮನೆಯ ಬಾಣಂತಿಗೆ. ಮರುದಿನ ಹೊತ್ತು ಹುಟ್ಟುವವರೆಗೆ ಸಿಕ್ಕಿದ್ದರಲ್ಲೇ ಸುಧಾರಿಸಬೇಕು. ಅದಕ್ಕೇ ನಮ್ಮಲ್ಲಿ ಬಾಗಿಲು ತಟ್ಟಿದವರು ‘ನಾನು’ ಎನ್ನುವುದಿಲ್ಲ, ಹೆಸರು ಹೇಳುತ್ತಾರೆ. ಶಾಲೆಯ ಮಾಸ್ತರರು ತಲೆಯೆತ್ತಿ ಮುಖ ನೋಡಿಯೇ ಹಾಜರಿ ಹಾಕುತ್ತಾರೆ. ಶನಿವಾರದ ಭಜನೆಯಲ್ಲಿ ಯಾರು ಮುಂದೆ ಕೂತು ಹಾಡಬೇಕು, ಯಾರು ಹಿಂದೆ ಕೂತು ಬರೀ ತಾಳ ಹಾಕಬೇಕು ಎನ್ನುವುದು ಆ ದಿನವೇ ತೀರ್ಮಾನವಾಗುತ್ತದೆ.

ದನಿಗಳಿಗೆ ಹೆಸರುಗಳೂ ಇವೆ. ಗಿರಣಿ ದನಿ ಬಂದವರು ಅಂದು ಗುಟ್ಟಿನ ಮಾತು ಎತ್ತುವುದಿಲ್ಲ. ಬಾವಿಯ ರಾಟೆಯಂತೆ ಕಿರುಗುಟ್ಟುವ ರಾಟಿ ದನಿ ಬಂದರೆ ಆದಷ್ಟು ಕೈಸನ್ನೆಯಲ್ಲೇ ದಿನ ಕಳೆಯುತ್ತಾರೆ. ತಹಶೀಲ್ದಾರ ದನಿ ಎಂದು ಒಂದಿದೆ. ಅದು ಬಂದವರು ವರ್ಷದಿಂದ ನಿಂತುಹೋದ ಜಗಳಗಳನ್ನೆಲ್ಲ ಆ ಒಂದೇ ದಿನದಲ್ಲಿ ಗೆದ್ದುಕೊಂಡು ಬರುತ್ತಾರೆ. ಸೊಸೆಗೆ ಅದು ಬಂದ ದಿನ ಅತ್ತೆಯಂದಿರಿಗೆ ದೂರದ ಗುಡಿಯ ದೇವರು ನೆನಪಾಗುತ್ತಾನೆ.

ನಾನು ನೀಲಾ. ಮಾಲನಬಿ ಅಕ್ಕನ ಗಾದಿ ಕಾರಖಾನೆಯಲ್ಲಿ ಪತ್ರ, ಫೋನು, ಕಂಪ್ಯೂಟರು ನೋಡಿಕೊಳ್ಳುವವಳು. ಕಾರಖಾನೆ ಎಂದರೆ ಉದ್ದನೆಯ ಒಂದು ಪಡಸಾಲೆ, ಹಾಸಿಗೆ ಹೊಲಿಯುವ ಹದಿನೆಂಟು ಹೆಂಗಸರು, ಮೂಲೆಯಲ್ಲಿ ಬನಿಯನ್ನು ತೊಟ್ಟು ಅರಳೆ ಹಿಂಜುವ ಅಕ್ಕನ ಗಂಡ ದಾವಲಸಾಬರು. ಅಕ್ಕನಿಗೆ ಐವತ್ತೆರಡು ವರ್ಷ. ಮೊದಲೆಲ್ಲ ವ್ಯಾಪಾರದ ಮಾತಿಗೆ ಊರೂರು ಬಸ್ಸಿನಲ್ಲಿ ಅವರೇ ಓಡಾಡುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ಬಸ್ಸಿನ ಮೆಟ್ಟಿಲು ಆಗದಾಯಿತು. ಹೊರಗಿನ ಅಂಗಡಿಕಾರರೂ ‘ಬರೋದೇನೂ ಬೇಡ, ಕೂತಲ್ಲಿಂದಲೇ ಮೀಟಿಂಗು ಮಾಡೋಣ’ ಎನ್ನತೊಡಗಿದ್ದರು. ಹಾಗಾಗಿ ಒಂದು ದಿನ, ಟೈ ಕಟ್ಟಿಕೊಂಡ ಒಬ್ಬ ಮಾರಾಟಗಾರ ಎರಡು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಪಡಸಾಲೆಗೆ ಬಂದ.

ಒಂದರಲ್ಲಿ ವಿಡಿಯೊ ಮೀಟಿಂಗಿನ ಸಾಮಾನು: ಗೋಡೆಗೆ ಹಾಕುವ ಟೀವಿ, ಅದರ ಹಣೆಗೆ ಕೂರಿಸುವ ಕ್ಯಾಮೆರಾ. ಇನ್ನೊಂದರಲ್ಲಿ ಬರೀ ಮಾತಿನದು: ಮೇಜಿನ ನಡುವೆ ಇಡುವ, ಮೂರು ಕಾಲಿನ ಕಪ್ಪು ಫೋನು. ಸುತ್ತ ಎಷ್ಟು ಜನ ಕೂತರೂ ಎಲ್ಲರ ಮಾತೂ ಆ ಕಡೆ ಕೇಳುತ್ತದೆ, ಆ ಕಡೆಯದು ಎಲ್ಲರಿಗೂ ಕೇಳುತ್ತದೆ.

“ವಿಡಿಯೊ ತಗೊಳ್ಳಿ ಮೇಡಂ,” ಎಂದ ಮಾರಾಟಗಾರ. “ಎದುರಾ ಬದುರಾ ಕೂತ ಹಾಗೇ ಇರುತ್ತೆ. ನಿಮ್ಮ ಮುಖ ನೋಡಿದರೆ ಗಿರಾಕಿಗೆ ವಿಶ್ವಾಸ ಬರುತ್ತೆ.”

“ಇಕಿ ಮಾರಿ ಮ್ಯಾಲ?” ಎಂದರು ಮೂಲೆಯಿಂದ ದಾವಲಸಾಬರು. “ಮೂವತ್ತ ವರ್ಷ ಆತು, ನನಗ ಇನ್ನೂ ಬಂದಿಲ್ಲ.”

ದಿನಕ್ಕೆ ಐದಾರು ಮಾತಾಡುವ ಮನುಷ್ಯ ಅವರು. ಅಂದಿನ ಕೋಟಾ ಹೀಗೆ ಖರ್ಚಾಯಿತು.

ಅಕ್ಕನಿಗೆ ವಿಡಿಯೊ ಮೇಲೇ ಮನಸ್ಸು. ಗಾದಿಯ ಹೊಲಿಗೆ ತೋರಿಸಬಹುದು, ಅಂಗೈಯಲ್ಲಿ ಒತ್ತಿ ಬಿಟ್ಟರೆ ಅದು ಹೇಗೆ ಮೇಲೇಳುತ್ತದೆ ಎಂದು ತೋರಿಸಬಹುದು, ಎಂದು ಅವರ ವಾದ. ಹದಿನೆಂಟು ಹೆಂಗಸರೂ ವಿಡಿಯೊ ಕಡೆಯೇ. ಹೇಗೂ ಕ್ಯಾಮೆರಾಕ್ಕೆ ಕಾಣುತ್ತದೆಂದು ಗೋಡೆಗೆ ಸುಣ್ಣವಾದರೂ ಬೀಳುತ್ತದಲ್ಲ. ದಾವಲಸಾಬರು ಮಾತ್ರ ಆಡಿಯೊ ಪಕ್ಷ, ಯಾಕೆಂದರೆ ವಿಡಿಯೊ ಬಂದರೆ ಅಂಗಿ ಹಾಕಿಕೊಳ್ಳಬೇಕಾಗುತ್ತದೆ. ಮಾರಾಟಗಾರ ಬುದ್ಧಿವಂತ. ಹತ್ತು ದಿನ ಎರಡನ್ನೂ ಬಳಸಿ ನೋಡಿ ಎಂದು ಬಿಟ್ಟು ಸಂಜೆ ಬಸ್ಸಿಗೆ ಹೋದ.

ಮೊದಲ ವಿಡಿಯೊ ಮೀಟಿಂಗು ದೂರದ ಜಿಲ್ಲೆಯ ಒಬ್ಬ ಹಾಸಿಗೆ ಅಂಗಡಿಯವನ ಜೊತೆ. ಅಕ್ಕ ಗಾದಿಯನ್ನು ಕ್ಯಾಮೆರಾದ ಎಷ್ಟು ಹತ್ತಿರ ಹಿಡಿದರೆಂದರೆ, ಆತ ಕಾಲು ಗಂಟೆ ಬರೀ ಬಿಳಿ ನೋಡಿ, “ನಿಮ್ಮ ಕಡೆ ಮಂಜು ಜಾಸ್ತೀನಾ?” ಎಂದು ಕೇಳಿದ. ಆದರೂ ಸೋಮವಾರದ ಮಾತು ಚೆನ್ನಾಗಿಯೇ ಮುಗಿಯಿತು. ಬುಧವಾರ ಅಕ್ಕನಿಗೆ ಗಿರಣಿ ದನಿ ಬಂದಿತ್ತು. ಆತ ಪರದೆಗೆ ಮೂಗು ಹಚ್ಚಿ ನೋಡಿದ. “ಮೊನ್ನೆ ಮಾತಾಡಿದವರು ನೀವೇ ತಾನೇ? ಮುಖ ಅದೇ ಇದೆ, ದನಿ ಬೇರೆ ಎಲ್ಲಿಂದಲೋ ಬರ್ತಾ ಇದೆಯಲ್ಲ?” ಶುಕ್ರವಾರ ತಹಶೀಲ್ದಾರ ದನಿ. ಅಕ್ಕ “ನಮಸ್ಕಾರ್ರಿ” ಎಂದದ್ದೇ ತಡ, ಆತ ಕುರ್ಚಿಯಿಂದ ಎದ್ದು ನಿಂತು, “ನನ್ನ ಕಾಗದಪತ್ರ ಎಲ್ಲ ಸರಿಯಾಗಿವೆ ಸರ್,” ಎಂದು ಟೀವಿ ಆರಿಸಿಬಿಟ್ಟ. ಅವನು ಮತ್ತೆ ನಮಗೆ ಸಿಗಲೇ ಇಲ್ಲ.

ಅದೇ ವಾರ ಮೂರು ಕಾಲಿನ ಫೋನಿನಲ್ಲಿ ಇನ್ನೊಬ್ಬ ವ್ಯಾಪಾರಿಯ ಜೊತೆ ನಾಲ್ಕು ಸಲ ಮಾತಾಯಿತು. ನಾಲ್ಕು ಸಲವೂ ಮಾತಾಡಿದ್ದು ಅಕ್ಕ ಒಬ್ಬರೇ, ನಾಲ್ಕು ದನಿಯಲ್ಲಿ. ಕೊನೆಗೆ ಆತ ಮೆಚ್ಚಿಕೊಂಡು ಹೇಳಿದ: “ಎಷ್ಟು ಜನ ಸ್ಟಾಫ್ ಇಟ್ಟಿದ್ದೀರ್ರೀ! ದಿನಕ್ಕೊಬ್ಬರು ಮಾತಾಡ್ತೀರ, ಆದರೂ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಒಂಚೂರು ವ್ಯತ್ಯಾಸ ಇಲ್ಲ. ದೊಡ್ಡ ಕಂಪನಿ ಅಂದರೆ ಹೀಗಿರಬೇಕು.” ಐವತ್ತು ಗಾದಿ ಕೇಳಿದ್ದವನು ನೂರು ಎಂದ.

ಮಾರಾಟಗಾರ ಬಂದು ವಿಡಿಯೊ ಪೆಟ್ಟಿಗೆಯನ್ನು ಸಪ್ಪೆ ಮುಖ ಮಾಡಿಕೊಂಡು ಕಟ್ಟಿದ. ಅಕ್ಕ ಅವನ ಕೈಗೆ ಒಂದು ತಲೆದಿಂಬು ಕೊಟ್ಟು ಕಳಿಸಿದರು. ಸುಣ್ಣ ಬೀಳಲಿಲ್ಲವೆಂದು ಹೆಂಗಸರು ಎರಡು ದಿನ ಮುಖ ಊದಿಸಿಕೊಂಡರು.

ನಂಜರಾಜಯ್ಯನವರ ಮೊದಲ ಫೋನು ಬಂದದ್ದು ಆಮೇಲಿನ ಸೋಮವಾರ. ಎರಡು ದಿನದ ಹಾದಿಯ ದೊಡ್ಡ ಪಟ್ಟಣದಲ್ಲಿ ಒಂದು ಸಂಘವಿದೆ. ಅದು ನಲವತ್ತು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತದೆ. ಅವಕ್ಕೆಲ್ಲ ಸಾಮಾನು ಕೊಳ್ಳುವ ಕೆಲಸ ಇವರದು. ನಾಲ್ಕು ಸಾವಿರ ಗಾದಿ ಬೇಕಾಗಿತ್ತು. ನಮ್ಮ ಹೆಂಗಸರಿಗೆ ಅದು ಒಂದೂವರೆ ವರ್ಷದ ಹೊಲಿಗೆ. ಅವರ ದನಿಯನ್ನು ಹೇಗೆ ಹೇಳಲಿ? ಪ್ರತಿ ಮಾತೂ ಮೊದಲು ಮೂಗಿನೊಳಗೆ ಒಂದು ಸುತ್ತು ಹಾಕಿ, ಅಲ್ಲಿ ದೂರಿನ ಅರ್ಜಿಯಾಗಿ, ಆಮೇಲೆ ಹೊರಗೆ ಬರುತ್ತಿತ್ತು. “ಇವತ್ತು ಬಿಸಿಲು ಚೆನ್ನಾಗಿದೆ” ಎಂದರೂ ಯಾರ ಮೇಲೋ ಚಾಡಿ ಹೇಳಿದ ಹಾಗೆ ಕೇಳುತ್ತಿತ್ತು.

ಅಂದು ಬೆಳಿಗ್ಗೆ ಅಕ್ಕನಿಗೆ ಬಂದದ್ದು ಮಧ್ಯಾಹ್ನದ ದನಿ. ನಮ್ಮ ಊರಿನ ದನಿಗಳಲ್ಲೆಲ್ಲ ಅದು ಒಂದು ಕೈ ಮೇಲು. ಅದು ಹೆಣ್ಣಿನದೋ ಗಂಡಿನದೋ ಎಂದು ಕೇಳಿದರೆ ಹೇಳುವುದು ಕಷ್ಟ. ಊಟ ಮುಗಿದಿದೆ, ತಟ್ಟೆ ತೊಳೆದಾಗಿದೆ, ಯಾರೂ ಎಲ್ಲಿಗೂ ಕರೆಯುವುದಿಲ್ಲ, ಇನ್ನು ಒರಗಬಹುದು ಎನ್ನುವ ಹೊತ್ತಿನ ದನಿ ಅದು. ಅದು ಯಾರಿಗೆ ಬಂತೋ ಅವರ ಮನೆಯಲ್ಲಿ ಅಂದು ಅಳುವ ಕೂಸು ತಾನಾಗಿ ಮಲಗುತ್ತದೆ.

“ನೋಡಿ, ನಾನು ನಿದ್ದೆ ಮಾಡಿ ಆರು ವರ್ಷ ಆಯ್ತು,” ಎಂದರು ನಂಜರಾಜಯ್ಯ, ಹಾಸಿಗೆಯ ದಪ್ಪದ ಮಾತಿನ ನಡುವೆ, ಹಾಗೇ ಸುಮ್ಮನೆ.

“ಆರು ವರ್ಷ? ಎದರ ಮ್ಯಾಲ ಮಲಗ್ತೀರಿ?”

“ಸ್ಪಂಜು.”

“ಸ್ಪಂಜು ಪಾತ್ರಿ ತಿಕ್ಕಾಕ ಅಲ್ರೀ! ಅದರ ಮ್ಯಾಲ ಮಲಗಿದ್ರ ಮೈಗೆ ತಾನೂ ಒಂದು ಪಾತ್ರಿ ಅನಿಸತೈತಿ. ನಿದ್ದಿ ಎಲ್ಲಿಂದ ಬರಬೇಕು?”

ಫೋನಿನ ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ನಾವು ಗಾಬರಿಯಾದೆವು. ಆಮೇಲೆ ಗೊತ್ತಾಯಿತು, ನಂಜರಾಜಯ್ಯನವರು ನಗುತ್ತಿದ್ದರು. ಹತ್ತು ನಿಮಿಷದ ಮಾತು ಐವತ್ತು ನಿಮಿಷವಾಯಿತು. ಫೋನು ಇಡುವ ಮುಂಚೆ, “ಮಾಲನಬಿಯವರೇ, ಇನ್ನು ಪ್ರತಿ ಸೋಮವಾರ ಹನ್ನೊಂದಕ್ಕೆ ನಾನು ಫೋನ್ ಮಾಡ್ತೀನಿ. ನೀವೇ ಮಾತಾಡ್ಬೇಕು. ಬೇರೆಯವರ ಹತ್ತಿರ ನಾನು ಮಾತಾಡಲ್ಲ,” ಎಂದರು.

ಮುಂದಿನ ಸೋಮವಾರ ಅಕ್ಕನಿಗೆ ರಾಟಿ ದನಿ.

“ನಾನ ರೀ, ಮಾಲನಬಿ.”

“ತಮಾಷೆ ಬೇಡಮ್ಮ. ಮೇಡಂನ ಕರೀರಿ.”

“ಖರೇನ ನಾನ ರೀ. ನಮ್ಮ ಊರಾಗ ದನಿ ದಿನಾ ಬದಲಾಗತೈತಿ. ಇವತ್ತ ಒಂದ, ನಾಳಿಗೆ ಒಂದ.”

“ನಮ್ಮ ಸಮಿತಿಯವರೂ ಹೀಗೇ ಒಂದೊಂದು ಕಾರಣ ಹೇಳ್ತಾರೆ,” ಎಂದು ನಂಜರಾಜಯ್ಯ ಫೋನು ಇಟ್ಟರು.

ಅಕ್ಕ ಆ ಮೂರು ಕಾಲಿನ ಫೋನನ್ನೇ ನೋಡುತ್ತ ಕೂತರು. ಹದಿನೆಂಟು ಸೂಜಿಗಳೂ ನಿಂತಿದ್ದವು. ಕೊನೆಗೆ ಅಕ್ಕ, “ನೀಲವ್ವ, ಸೈಕಲ್ ತಗಿ,” ಎಂದರು. “ಆ ದನಿ ಇವತ್ತ ಯಾರ ಗಂಟಲದಾಗ ಐತಿ ನೋಡು. ಎಲ್ಲಿದ್ರೂ ಕರಕೊಂಡು ಬಾ.”

ಅಂದಿನಿಂದ ನನ್ನ ಸೋಮವಾರಗಳೆಲ್ಲ ಸೈಕಲ್ ಮೇಲೆಯೇ. ಪತ್ತೆ ಮಾಡುವುದು ಕಷ್ಟವಾಗುತ್ತಿರಲಿಲ್ಲ; ಆ ದನಿ ಇದ್ದ ಕಡೆ ಸುತ್ತಲಿನವರೆಲ್ಲ ಆಕಳಿಸುತ್ತಿರುತ್ತಾರೆ. ಕರೆದು ತರುವುದೇ ಕಷ್ಟ. ಬಂದವರನ್ನು ಫೋನಿನ ಮುಂದೆ ಕೂರಿಸುತ್ತಿದ್ದೆವು. ನಂಜರಾಜಯ್ಯ ಏನಾದರೂ ಕೇಳಿದರೆ ನಾನು ಮ್ಯೂಟ್ ಗುಂಡಿ ಒತ್ತುವುದು, ಅಕ್ಕ ಉತ್ತರ ಹೇಳಿಕೊಡುವುದು, ನಾನು ಗುಂಡಿ ಬಿಡುವುದು, ಬಂದವರು ಅದನ್ನು ಹಾಗೆಯೇ ಒಪ್ಪಿಸುವುದು. ಮೊದಲ ಸಲ ಸಿಕ್ಕಿದವಳು ಕಾಯಿಪಲ್ಲೆ ಮಾರುವ ಯಂಕವ್ವ. ಬುಟ್ಟಿ ಬಿಟ್ಟು ಬರಲೊಲ್ಲೆ ಎಂದಳು, ಬುಟ್ಟಿಯ ಸಮೇತ ಬಂದಳು, ಅವಳ ಹಿಂದೆ ಗಿರಾಕಿಗಳೂ ಬಂದರು. ಸಾಗಾಣಿಕೆಯ ಮಾತಿನ ನಡುವೆ ಬದನೆಕಾಯಿ ಎಳೆಯದೋ ಬಲಿತದ್ದೋ ಎಂಬ ಚರ್ಚೆ ನಂಜರಾಜಯ್ಯನವರಿಗೂ ಕೇಳಿಸಿತು. ಇನ್ನೊಂದು ಸೋಮವಾರ ಪೊಲೀಸ್ ದ್ಯಾಮಣ್ಣ. ಅವನಿಗೆ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಹೇಳಿ ಅಭ್ಯಾಸವಿಲ್ಲ. “ಸದರಿ ಗಾದಿಯು ಆರು ಅಡಿ ಉದ್ದವಿದ್ದು, ಅರಳೆಯಿಂದ ತುಂಬಲ್ಪಟ್ಟಿರುವುದು ಕಂಡುಬಂದಿರುತ್ತದೆ,” ಎಂದ, ಆ ಜೋಗುಳದಂಥ ದನಿಯಲ್ಲಿ. “ಇವತ್ತು ಯಾಕೋ ಮೇಡಂ ಬಿಗುವಾಗಿದ್ದೀರಿ,” ಎಂದರು ನಂಜರಾಜಯ್ಯ.

ಒಂದು ಸೋಮವಾರವಂತೂ ನಾನು ಊರೆಲ್ಲ ಸುತ್ತಿ ಬರಿಗೈಯಲ್ಲಿ ಬಂದರೆ, ದನಿ ಪಡಸಾಲೆಯ ಮೂಲೆಯಲ್ಲೇ ಇತ್ತು. ದಾವಲಸಾಬರಿಗೆ ಬಂದಿತ್ತು. ಬೆಳಗಿನಿಂದ ಬಾಯಿ ಬಿಡದ ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಅವರನ್ನು ಎಳೆದು ತಂದು ಕೂರಿಸಿದೆವು.

“ನಿಮ್ಮ ಯಜಮಾನರು ಹೇಗಿದ್ದಾರೆ?” ಎಂದು ಕೇಳಿದರು ನಂಜರಾಜಯ್ಯ.

ಮ್ಯೂಟ್. ಅಕ್ಕ ಹೇಳಿಕೊಟ್ಟರು. ದಾವಲಸಾಬರು ನೆಲ ನೋಡುತ್ತ ಒಪ್ಪಿಸಿದರು: “ಅವರ ಸುದ್ದಿ ಏನ್ ಕೇಳ್ತೀರಿ? ಅರಳಿ ಹಿಂಜೂದು ಒಂದ ಬಿಟ್ರ ಏನೂ ಗೊತ್ತಿಲ್ಲ.” ನಾನು ಗುಂಡಿ ಒತ್ತುವಷ್ಟರಲ್ಲಿ ತಮ್ಮದೇ ಒಂದು ಮಾತು ಸೇರಿಸಿಬಿಟ್ಟರು: “ಆದ್ರ ಮನಶಾ ಭಾಳ ಛಲೋ.”

ಅಕ್ಕ ಅವರ ತೊಡೆ ಚಿವುಟಿದ್ದನ್ನು ಹದಿನೆಂಟು ಜನರೂ ನೋಡಿದರು.

ಹೀಗೆ ಎರಡು ತಿಂಗಳು ನಡೆಯಿತು. ಬೆಲೆ, ಬಟ್ಟೆ, ಸಾಗಾಣಿಕೆ ಎಲ್ಲ ಒಂದು ಹದಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ, ನಂಜರಾಜಯ್ಯನವರು ತಮ್ಮ ಮನೆಯ ಮಾತೆಲ್ಲ ಹೇಳತೊಡಗಿದ್ದರು: ತೀರಿಕೊಂಡ ಹೆಂಡತಿ, ಒಗ್ಗರಣೆ ಹಾಕಲು ಬಾರದ ತಮ್ಮ ಕೈ, ನಡುರಾತ್ರಿ ಎಣಿಸುವ ಜಂತೆಗಳು. ಅಕ್ಕ ಒಂದೊಂದಕ್ಕೂ ಯೋಚಿಸಿ ಉತ್ತರ ಹೇಳಿಕೊಡುತ್ತಿದ್ದರು. ಸಾಸಿವೆ ಸಿಡಿದ ಮೇಲೆ ಉರಿ ಸಣ್ಣ ಮಾಡಬೇಕೆನ್ನುವುದನ್ನು ಅವರಿಗೆ ತಿಳಿಸಿದ್ದು ಕ್ಷೌರದ ಮಲ್ಲಯ್ಯ.

ಕೊನೆಯ ಮಾತಿನ ಸೋಮವಾರ ಬಂತು. ಸಮಿತಿಯ ಮುಂದೆ ಇಡುವ ಮೊದಲು ಎಲ್ಲವನ್ನೂ ಪಕ್ಕಾ ಮಾಡಿಕೊಳ್ಳುವ ದಿನ. ನಾನು ಸೈಕಲ್ ಹತ್ತಿ ಹೊರಟವಳು ಹತ್ತು ಹೆಜ್ಜೆ ಹೋಗಲಿಲ್ಲ. ಎದುರಿನ ಅಂಗಡಿಯ ಮುಂದೆ ನಾಲ್ಕು ಜನ ಆಕಳಿಸುತ್ತ ನಿಂತಿದ್ದರು. ಆ ಅಂಗಡಿ ಗುರುಪಾದಪ್ಪನದು. ಅವನು ಮಾರುವುದು ಸ್ಪಂಜಿನ ಗಾದಿ. ‘ಅರಳೆ ಅಜ್ಜಿಯ ಕಾಲಕ್ಕೆ, ಸ್ಪಂಜು ಇಂದಿನ ಕಾಲಕ್ಕೆ’ ಎಂದು ಅವನು ಬೋರ್ಡು ಬರೆಸಿದಂದಿನಿಂದ ಅಕ್ಕ ಅವನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಸುದ್ದಿ ಕೇಳಿ ಅಕ್ಕ ಕೂತಲ್ಲಿಂದ ಎದ್ದರು. ಆಮೇಲೆ ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದರು. ಅಂದು ಅವರಿಗೆ ಬಂದದ್ದು ಕೋಳಿ ದನಿ. ಮೂರು ಮಾತಿಗೊಮ್ಮೆ ಮೇಲಕ್ಕೆ ಹಾರಿ ಒಡೆಯುತ್ತಿತ್ತು.

“ಗುರುಪಾದಪ್ಪ, ಒಂದ ತಾಸು ಬಂದು ಮಾತಾಡಬೇಕಲ್ಲೋ.”

“ಬರೂನಲ್ಲ,” ಎಂದ ಗುರುಪಾದಪ್ಪ, ತನ್ನ ದನಿಗೆ ತಾನೇ ಮಾರುಹೋಗಿ, ಒಂದೊಂದು ಅಕ್ಷರವನ್ನೂ ಸವಿಯುತ್ತ. “ನೆರಿಮನಿಯವರಿಗೆ ಇಷ್ಟೂ ಮಾಡಲಿಲ್ಲಂದ್ರ ಹೆಂಗ?”

ಅಷ್ಟು ಸುಲಭವಾಗಿ ಒಪ್ಪಿದ್ದೇ ನನಗೆ ಹಿಡಿಸಲಿಲ್ಲ. ಆದರೆ ಮಾತು ಚೆನ್ನಾಗಿಯೇ ಶುರುವಾಯಿತು. ಅಕ್ಕ ಹೇಳಿಕೊಟ್ಟದ್ದನ್ನು ಗುರುಪಾದಪ್ಪ ಅಕ್ಷರ ತಪ್ಪದೆ ಹೇಳುತ್ತಿದ್ದ. ಅರ್ಧ ತಾಸಾದ ಮೇಲೆ ನಂಜರಾಜಯ್ಯ ಗಂಟಲು ಸರಿಮಾಡಿಕೊಂಡರು.

“ಮಾಲನಬಿಯವರೇ, ಒಂದು ಮಾತು. ಸಮಿತಿಯಲ್ಲಿ ಕೆಲವರು ಸ್ಪಂಜೇ ಸಾಕು ಅಂತಿದ್ದಾರೆ. ನಿಮ್ಮ ಅಭಿಪ್ರಾಯ ಹೇಳಿಬಿಡಿ. ನೀವು ಹೇಳಿದ ಹಾಗೆ ಮಾಡ್ತೀನಿ.”

ನನ್ನ ಬೆರಳು ಗುಂಡಿಗೆ ಹೋಗುವ ಮೊದಲೇ ಗುರುಪಾದಪ್ಪನ ಬಾಯಿ ತೆರೆಯಿತು. ಪಾಪ, ಹನ್ನೊಂದು ವರ್ಷದಿಂದ ತಡೆದುಕೊಂಡಿದ್ದ ಮನುಷ್ಯ. “ಸ್ಪಂಜನ ಛಲೋ ರೀ. ಹಗುರ, ಸ್ವಚ್ಛ, ಇಂದಿನ ಕಾಲಕ್ಕ ತಕ್ಕದ್ದು. ನಮ್ಮ ಎದುರಿನ ಅಂಗಡ್ಯಾಗ ಗುರುಪಾದಪ್ಪ ಅಂತ ಅದಾರ. ಭಾಳ ಪ್ರಾಮಾಣಿಕ ಮನಶಾ.”

ಪಡಸಾಲೆಯಲ್ಲಿ ಹದಿನೆಂಟು ತಲೆಗಳೂ ಫೋನಿನ ಕಡೆ ತಿರುಗಿದವು.

“ಯಾರ್ರೀ ಅದು?” ಎಂದರು ನಂಜರಾಜಯ್ಯ.

“ನಾನ ರೀ. ಮಾಲನಬಿ.”

“ಅಲ್ಲ. ದನಿ ಅವರದೇ. ಮಾತು ಅವರದಲ್ಲ. ಅವರನ್ನ ಏನು ಮಾಡಿದ್ದೀರಿ? ಎಲ್ಲಿದ್ದಾರೆ ಅವರು?”

ಆಗ ಅಕ್ಕ ಎದ್ದರು. ಕೋಳಿ ದನಿ ಆಚೆ ಓಣಿಗೂ ಕೇಳಿಸಿರಬೇಕು. “ಏ ಗುರುಪಾದಪ್ಪ! ನಿನ್ನ ಸ್ಪಂಜಿನ ಮ್ಯಾಲ ಬೆಕ್ಕು ಸೈತ ಮಲಗೂದಿಲ್ಲ, ಮಂದಿ ಮಕ್ಕಳನ್ನ ಮಲಗಸಾಕ ಬಂದೀಯಾ? ಬ್ಯಾಸಗ್ಯಾಗ ಅದರ ಮ್ಯಾಲ ಒಂದ ತಾಸು ಮಲಗಿ ನೋಡು, ಇಡ್ಲಿ ಹಂಗ ಬೆಂದು ಏಳ್ತೀ. ಎದ್ದು ನಡಿ, ನಿನ್ನ ದನಿ ನಿನಗ ಇರಲಿ!”

ಗುರುಪಾದಪ್ಪ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದ. ಒಂದೂವರೆ ವರ್ಷದ ಹೊಲಿಗೆ ಕೈಬಿಟ್ಟಿತೆಂದು ಅಕ್ಕನಿಗೂ ಗೊತ್ತಿತ್ತು, ನಮಗೂ. ಆಗ ಫೋನಿನಿಂದ ಆ ವಿಚಿತ್ರ ಸದ್ದು ಬಂತು. ನಂಜರಾಜಯ್ಯ ನಗುತ್ತಿದ್ದರು.

“ಹಾಂ, ಇವರೇ ಕಣ್ರೀ! ಇವರೇ ಮಾಲನಬಿ. ಮೇಡಂ, ದನಿ ದಿನಾ ಬದಲಾಗುತ್ತೆ ಅಂತ ನೀವು ಅವತ್ತು ಹೇಳಿದ್ದು ನಿಜಾನಾ? ವಿಡಿಯೊ ಹಾಕಿ, ನಾನು ನೋಡ್ಬೇಕು.”

“ಅದನ್ನ ವಾಪಸ್ ಕಳಿಸೀವ್ರಿ.”

“ಹಾಗಾದರೆ ನಾನೇ ಬರ್ತೀನಿ.”

ಮುಂದಿನ ವಾರವೇ ಬಂದರು. ತೆಳ್ಳಗಿನ, ಬಾಗಿದ ಬೆನ್ನಿನ, ಕಣ್ಣಿನ ಸುತ್ತ ಕಪ್ಪಾದ ಅರವತ್ತರ ಮನುಷ್ಯ. ಅಕ್ಕ ಊರಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದರು. ಯಂಕವ್ವ, ದ್ಯಾಮಣ್ಣ, ಮಲ್ಲಯ್ಯ ಎಲ್ಲರೂ ಬಂದು, ತಾವು ಯಾವ ಸೋಮವಾರ ಮಾಲನಬಿಯಾಗಿದ್ದೆವೆಂದು ಹೆಮ್ಮೆಯಿಂದ ಪರಿಚಯ ಹೇಳಿಕೊಂಡರು. ನಂಜರಾಜಯ್ಯ ಮಲ್ಲಯ್ಯನ ಕೈ ಹಿಡಿದು, ಒಗ್ಗರಣೆ ಈಗ ಕರಕಲಾಗುತ್ತಿಲ್ಲ ಎಂದರು. ರೊಟ್ಟಿ, ಪುಂಡಿಪಲ್ಯ ಊಟವಾಯಿತು. “ಎಲ್ಲಿ, ನಿಮ್ಮ ಹಾಸಿಗೆ ನೋಡೋಣ,” ಎಂದು ಹೊಸ ಗಾದಿಯೊಂದರ ಮೇಲೆ ಎರಡೇ ನಿಮಿಷ ಒರಗಿದರು.

ಸಂಜೆ ಬಸ್ಸು ಹಾರ್ನ್ ಹೊಡೆದಾಗಲೂ ಎರಡು ನಿಮಿಷ ಮುಗಿದಿರಲಿಲ್ಲ. ಹೊರಗಿನವರನ್ನು ನಮ್ಮ ಊರಿನಲ್ಲಿ ರಾತ್ರಿ ಉಳಿಸಿಕೊಳ್ಳುವುದಿಲ್ಲ. ಇಲ್ಲಿ ಬೆಳಗು ಕಂಡವರು ಯಾರೇ ಆದರೂ ದನಿಯ ಅದಲುಬದಲಿಗೆ ಸೇರಿಬಿಡುತ್ತಾರೆ. “ಎಬ್ಬಸೂನೇನ?” ಎಂದರು ದಾವಲಸಾಬರು.

ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. ನಂಜರಾಜಯ್ಯನವರ ಬಾಯಿ ಅರ್ಧ ತೆರೆದಿತ್ತು, ಕನ್ನಡಕ ಎದೆಯ ಮೇಲೆ ಏರಿಳಿಯುತ್ತಿತ್ತು. “ಆರು ವರ್ಷ ಆತಂತ,” ಎಂದಷ್ಟೇ ಹೇಳಿ ಕದ ಮುಂದೆ ಮಾಡಿದರು. ಬಸ್ಸು ಹೋಯಿತು.

ಬೆಳಿಗ್ಗೆ ಅಕ್ಕ ಒಲೆಯ ಮುಂದೆ ಕೆಮ್ಮಿದರೆ ಬಂದದ್ದು ಮೂಗಿನ ಸದ್ದು. “ಚಹಾ ಕುಡೀತೀರೇನ್ರಿ?” ಎಂದು ಕೇಳಿದಾಗ ಅದು ಪೂರ್ತಿ ದೂರಿನ ಅರ್ಜಿಯಂತಿತ್ತು.

ಎದ್ದು ಕೂತಿದ್ದ ನಂಜರಾಜಯ್ಯ ಬೆಚ್ಚಿಬಿದ್ದರು. “ನಾನು ಯಾವಾಗಲೂ ಹೀಗೇ ಮಾತಾಡೋದಾ?” ಎಂದರು. ಎಂದವರೇ ಕತ್ತಿಗೆ ಕೈ ಹಚ್ಚಿಕೊಂಡರು. ಅವರಿಗೆ ಬಂದದ್ದು ಮಧ್ಯಾಹ್ನದ ದನಿ.

ಆಮೇಲೆ ಅವರು ಚಹಾ ಕುಡಿಯಲಿಲ್ಲ. ಹಳೆಯ ದಿನಪತ್ರಿಕೆಯೊಂದನ್ನು ಎತ್ತಿಕೊಂಡು ಹವಾಮಾನ, ಹರಾಜಿನ ನೋಟಿಸು, ಕಳೆದುಹೋದ ಎಮ್ಮೆಯ ಜಾಹೀರಾತು ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಹದಿನೆಂಟು ಹೆಂಗಸರು ಕೆನ್ನೆಗೆ ಕೈಯಿಟ್ಟು ಕೇಳಿದರು.

ಒಂಬತ್ತರ ಬಸ್ಸು ತಪ್ಪಿದರೆ ಸಮಿತಿಯ ಸಭೆ ತಪ್ಪುತ್ತದೆ. ಆದರೆ ನಾವು ಬಸ್ಸಿನ ಹತ್ತಿರ ಹೋಗುವಷ್ಟರಲ್ಲಿ ಊರಿಗೆ ಊರೇ ಅಲ್ಲಿ ನೆರೆದಿತ್ತು. ಊರಾಚೆ ಬೆಳಗು ಕಂಡ ದನಿ ಆ ಗಂಟಲಲ್ಲೇ ಉಳಿಯುತ್ತದೆ, ತಿರುಗಿ ಬರುವುದಿಲ್ಲ. ದ್ಯಾಮಣ್ಣ ಬಸ್ಸಿಗೆ ಅಡ್ಡ ನಿಂತು, ದನಿ ಒಯ್ಯುವುದಕ್ಕೆ ಯಾವ ಕಲಂ ಹಾಕಬೇಕೆಂದು ತಲೆ ಕೆರೆದುಕೊಳ್ಳುತ್ತಿದ್ದ. “ನಮ್ಮ ಊರಿನ ದನಿ ಅದು,” ಎಂದಳು ಯಂಕವ್ವ. “ಇನ್ನೊಂದು ರಾತ್ರಿ ಇಟ್ಟುಕೋರಿ. ಬ್ಯಾರೆ ಯಾವುದರ ತಗೊಂಡು ಹೋಗಲಿ.”

ನಂಜರಾಜಯ್ಯ ಚೀಲವನ್ನು ಕೆಳಗಿಟ್ಟರು. “ಅವರು ಹೇಳೋದು ಸರಿ,” ಎಂದರು. “ಮೂವತ್ತನಾಲ್ಕು ವರ್ಷದಿಂದ ಆ ಸಭೆಯಲ್ಲಿ ಮಾತಾಡ್ತಾ ಇದ್ದೀನಿ. ನಾನು ಎದ್ದು ನಿಂತ ಕೂಡಲೇ ಒಬ್ಬರು ಕಿತ್ತಳೆ ಸುಲೀತಾರೆ, ಇನ್ನೊಬ್ಬರು ಫ್ಯಾನು ಜೋರು ಮಾಡಿ ಅಂತಾರೆ. ಒಂದು ಸಲ, ಒಂದೇ ಒಂದು ಸಲ ಕೊನೇವರೆಗೂ ಕೇಳಿಸಬಹುದಿತ್ತು ಅಂತ ಆಸೆ ಆಯ್ತು. ಇರಲಿ. ನಿಮ್ಮದು ನಿಮಗೆ.”

ಬಸ್ಸಿನ ಎಂಜಿನ್ ಗುರುಗುಟ್ಟುತ್ತಿತ್ತು. ಅಕ್ಕ ಬಾಗಿ, ನೋಯುವ ಮೊಣಕಾಲಿನಲ್ಲೇ ಚೀಲವನ್ನೆತ್ತಿ ಬಸ್ಸಿನೊಳಗೆ ಇಟ್ಟರು. “ಹತ್ರಿ,” ಎಂದರು. ಆಮೇಲೆ ಊರಿನ ಕಡೆ ತಿರುಗಿದರು, ಆ ಮೂಗಿನ ದನಿಯಲ್ಲಿ: “ಒಂದು ಹೋತು, ಒಂದು ಬಂತಲ್ಲ.”

“ಈ ಮೂಗಿನ ದನಿ ಯಾರಿಗೆ ಬೇಕು?” ಎಂದಿತು ಗುಂಪು.

“ಮೂವತ್ತನಾಲ್ಕ ವರ್ಷ ಅಲ್ಲಿ ಯಾರೂ ಅದನ್ನ ಪೂರ್ತಿ ಕೇಳಿಲ್ಲಂತ. ನಾವರ ಕೇಳೂನು.”

ದ್ಯಾಮಣ್ಣ ಪಕ್ಕಕ್ಕೆ ಸರಿದ. ಕಲಂ ಅಂತೂ ಸಿಕ್ಕಿರಲಿಲ್ಲ.

ನಾಲ್ಕು ಸಾವಿರ ಗಾದಿಯ ಪತ್ರ ಹತ್ತು ದಿನದಲ್ಲಿ ಬಂತು. ಸಭೆಯಲ್ಲಿ ನಂಜರಾಜಯ್ಯ ನಲವತ್ತು ನಿಮಿಷ ಮಾತಾಡಿದರಂತೆ. ಒಂದು ಕಿತ್ತಳೆಯೂ ಹೊರಬರಲಿಲ್ಲವಂತೆ. ಮೂವರು ಸದಸ್ಯರು ನಿದ್ದೆ ಹೋದರು. ಹಾಸಿಗೆಯ ಮಾತಿಗೇ ಇಷ್ಟು ನಿದ್ದೆ ಬಂದರೆ ಹಾಸಿಗೆ ಹೇಗಿರಬೇಡ ಎಂದು ಅಧ್ಯಕ್ಷರು ಸಹಿ ಹಾಕಿದರು. ಒಂದೇ ತೊಂದರೆಯೆಂದರೆ, ಫೋನಿನಲ್ಲಿ ಅವರನ್ನು ಈಗ ಯಾರೂ ನಂಬುವುದಿಲ್ಲ. ಸ್ವಂತ ಆಫೀಸಿನ ಗುಮಾಸ್ತನೇ ‘ಸಾಹೇಬರ ಫೋನ್ ಕದ್ದಿದ್ದೀಯಾ’ ಎಂದು ಗದರಿದನಂತೆ. ಕೊನೆಗೆ ಆ ಸಂಘದವರು ನಲವತ್ತು ವಿದ್ಯಾರ್ಥಿನಿಲಯಗಳಿಗೂ ವಿಡಿಯೊ ಹಾಕಿಸಬೇಕಾಯಿತು. ಹಾಕಿಕೊಟ್ಟವನು ನಮ್ಮ ಆ ಟೈ ಮಾರಾಟಗಾರನೇ. ಅವನಿಗೆ ನಮ್ಮಿಂದಾದ ನಷ್ಟ ಹೀಗೆ ಭರ್ತಿಯಾಯಿತು.

ನಮ್ಮ ಜೊತೆ ಮಾತ್ರ ಅವರದು ಇಂದಿಗೂ ಬರೀ ಮಾತೇ. ಸೋಮವಾರ ಹನ್ನೊಂದಕ್ಕೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಬ್ಬರು ಸೂಜಿ ಕೇಳಲು ಬಂದಿರುತ್ತಾರೆ, ಒಬ್ಬರು ನೀರು ಕುಡಿಯಲು, ಮಲ್ಲಯ್ಯ ಯಾರ ತಲೆಯಾದರೂ ಬೋಳಿಸಲಿಕ್ಕಿದೆಯೇ ಎಂದು ನೋಡಲು. ಮೂರು ಕಾಲಿನ ಫೋನಿನಿಂದ ಆ ದನಿ ತಿಗಣೆ ಔಷಧದ ದರ ಹೇಳುತ್ತದೆ, ದಿಂಬಿನ ಚೀಲದ ಲೆಕ್ಕ ಹೇಳುತ್ತದೆ, ಎಲ್ಲರೂ ಕಣ್ಣು ಮುಚ್ಚಿ ಕೇಳುತ್ತಾರೆ.

ಹೋದ ಸೋಮವಾರ ಮಾತು ಮುಗಿಯುವ ಹೊತ್ತಿಗೆ ನಂಜರಾಜಯ್ಯ ಕೇಳಿದರು: “ನನ್ನ ಹಳೇ ದನಿ ಹೇಗಿದೆ ಮಾಲನಬಿಯವರೇ? ಇವತ್ತು ಯಾರ ಹತ್ತಿರ ಇದೆ?”

“ಗುರುಪಾದಪ್ಪಗ ಬಂದೈತ್ರಿ. ಮುಂಜಾನಿಯಿಂದ ಒಂದ ಗಾದಿ ಹೋಗಿಲ್ಲ. ಬಾಯಿ ಬಿಟ್ಟ ಕೂಡಲೆ ಗಿರಾಕಿ ಎದ್ದು ಹೊಂಟಾರ.”

“ಪಾಪ,” ಎಂದಿತು ಮಧ್ಯಾಹ್ನದ ದನಿ.

ಫೋನಿಟ್ಟ ಮೇಲೆ ಅಕ್ಕ ಎರಡು ಲೋಟ ಚಹಾ ತೆಗೆದುಕೊಂಡು ರಸ್ತೆ ದಾಟಿದರು. ಬೋರ್ಡಿನ ಕೆಳಗೆ ಬಾಗಿ ಒಳಗೆ ಹೋಗಿ, ಗುರುಪಾದಪ್ಪನ ಸ್ಪಂಜಿನ ಗಾದಿಯ ತುದಿಯ ಮೇಲೆ ಕೂತರು. ಅವನು ಮೊದಲು ಗೋಡೆ ನೋಡಿದ. ಆಮೇಲೆ ಶುರುಮಾಡಿದ: ಸ್ಪಂಜಿನ ದರ, ಲಾರಿಯವರ ಮೋಸ, ಬೆನ್ನುನೋವು, ಬೋರ್ಡಿನ ಮೇಲೆ ಬಣ್ಣ ನಿಲ್ಲದಿರುವುದು. ಮುಕ್ಕಾಲು ತಾಸು ನಡೆಯಿತು. ಅಕ್ಕ ಆಕಳಿಸಲಿಲ್ಲ, ಹೊರಗೆ ನೋಡಲಿಲ್ಲ. ಚಹಾ ಆರಿಹೋದರೂ ಲೋಟ ಕೆಳಗಿಡದೆ, ಅವನು ಸಾಕೆಂದು ತಾನೇ ನಿಲ್ಲಿಸುವವರೆಗೆ ಕೂತು ಕೇಳಿದರು.